ಬಿಲ್ಡ್ ಕೊಟ್ಟರೆ ‘ಫೈಲ್ ಇಲ್ಲ’, ಫೋಲ್ಡರ್ ತೆರೆದರೆ ಫೈಲ್ ಇದೆ: ಅನುಭವ ಇದ್ದವರು ಹೇಳಿ

ನಾಪೋಕ್ಲಿನಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಇಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟ್ ಮಾಡುತ್ತಿದ್ದೇವೆ. ನಮ್ಮ ಕಡೆ ತೋಟದ ಮನೆಗಳಲ್ಲಿ ದಿನದ ಮಳೆಯನ್ನು ಇಂಚು, ಸೆಂಟು ಅಂತ ಡೈರಿಯಲ್ಲಿ ಬರೆದಿಡುತ್ತಾರಲ್ಲ, ಆ ಲೆಕ್ಕವನ್ನೆಲ್ಲ ಸೇರಿಸಿ, ಯಾವ ವರ್ಷ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಯಾವಾಗ ಬಂತು ಅಂತ ಹೋಲಿಸಿ ತೋರಿಸುವ ಪ್ರೋಗ್ರಾಂ. ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದಿದ್ದೇವೆ, ಡೇಟಾಬೇಸ್‌ಗೆ ಎಸ್‌ಕ್ಯುಲೈಟ್. ಜೊತೆಗಾರನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡುತ್ತದೆ. ನನ್ನದು ಉಬುಂಟು. ನಾವು ಕೋಡ್ ಹಂಚಿಕೊಳ್ಳುವ ಗಿಟ್‌ನಿಂದ ಇಳಿಸಿಕೊಂಡು ಬಿಲ್ಡ್ (ಕೋಡನ್ನು ಓಡುವ ಪ್ರೋಗ್ರಾಂ ಮಾಡುವುದು) ಕೊಟ್ಟರೆ ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಅಂತ ಸಾಲುಸಾಲು ಎರರ್. ಅದರಲ್ಲಿ ಕೆಲವು ಫೈಲ್‌ಗಳು ಫೋಲ್ಡರಿನಲ್ಲೇ ಇವೆ, ಕಣ್ಣಿಗೆ ಕಾಣುತ್ತಿವೆ. ಇಂಥದ್ದನ್ನು ನೀವೆಲ್ಲ ಎಲ್ಲಿಂದ ಹುಡುಕಲು ಶುರು ಮಾಡುತ್ತೀರಿ?

ಕುಶಾಲನಗರದಿಂದ

ಮೊದಲು ಫೈಲ್ ಹುಡುಕಬೇಡಿ. ‘ಇಲ್ಲ’ ಅಂತ ಹೇಳುತ್ತಿರುವುದು ಯಾರು ಅಂತ ನೋಡಿ. ನಾನು ಜೂನಿಯರ್‌ಗಳಿಗೆ ಮೊದಲು ಹೇಳಿಕೊಡುವುದೇ ಇದನ್ನು. ಬಿಲ್ಡ್ ಅಂದರೆ ಒಂದೇ ಪ್ರೋಗ್ರಾಂ ಅಲ್ಲ. ಕೋಡನ್ನು ಸಿದ್ಧ ಮಾಡುವ ಪ್ರೀಪ್ರೊಸೆಸರ್, ಅದನ್ನು ಯಂತ್ರದ ಭಾಷೆಗೆ ತರುವ ಕಂಪೈಲರ್, ತುಣುಕುಗಳನ್ನು ಜೋಡಿಸುವ ಲಿಂಕರ್, ಆಮೇಲೆ ಓಡಿಸುವಾಗ ಲೈಬ್ರರಿಗಳನ್ನು ತರುವ ಲೋಡರ್. ಒಬ್ಬೊಬ್ಬರೂ ಬೇರೆ ಬೇರೆ ಜಾಗದಲ್ಲಿ ಹುಡುಕುತ್ತಾರೆ. ಒಬ್ಬರಿಗೆ ಸಿಕ್ಕಿದ್ದು ಇನ್ನೊಬ್ಬರಿಗೆ ಸಿಗಬೇಕು ಅಂತೇನೂ ಇಲ್ಲ.

ನಿಮ್ಮ ಎಸ್‌ಕ್ಯುಲೈಟನ್ನೇ ತೆಗೆದುಕೊಳ್ಳಿ. ಉಬುಂಟುವಿನಲ್ಲಿ ಎಸ್‌ಕ್ಯುಲೈಟ್ ಬಳಸುವ ಪ್ರೋಗ್ರಾಂಗಳು ಮೊದಲೇ ಓಡುತ್ತಿರಬಹುದು. ಅವಕ್ಕೆ ಬೇಕಾದದ್ದು ‘ಲಿಬ್‌ಎಸ್‌ಕ್ಯುಲೈಟ್3.ಎಸ್‌ಒ.0’ ಮಾತ್ರ. ಆದರೆ ಕಂಪೈಲ್ ಮಾಡಲು ‘ಎಸ್‌ಕ್ಯುಲೈಟ್3.ಎಚ್’ ಎನ್ನುವ ಹೆಡರ್ ಫೈಲ್ ಬೇಕು, ಲಿಂಕ್ ಮಾಡಲು ಕೊನೆಯ ಸೊನ್ನೆ ಇಲ್ಲದ ‘ಲಿಬ್‌ಎಸ್‌ಕ್ಯುಲೈಟ್3.ಎಸ್‌ಒ’ ಬೇಕು. ಇವೆರಡೂ ಬರುವುದು ‘ಲಿಬ್‌ಎಸ್‌ಕ್ಯುಲೈಟ್3-ಡೆವ್’ ಎನ್ನುವ ಬೇರೆ ಪ್ಯಾಕೇಜಿನಲ್ಲಿ. ಫೆಡೋರಾದಲ್ಲಿ ಇಂಥ ಪ್ಯಾಕೇಜುಗಳ ಹೆಸರು ‘ಡೆವೆಲ್’ ಅಂತ ಮುಗಿಯುತ್ತದೆ. ಲೈಬ್ರರಿ ಇದೆ, ಆದರೂ ಇಲ್ಲ ಅನ್ನುತ್ತಿದೆ ಅಂತ ಜನ ತಲೆ ಕೆಡಿಸಿಕೊಳ್ಳುವುದು ಜಾಸ್ತಿ ಇಲ್ಲೇ.

ಎರರ್ ಸಾಲಿನ ಮೊದಲ ಭಾಗ ಓದಿ. ‘ಫೇಟಲ್ ಎರರ್’ ಅಂದು ಮುಂದೆ ‘.ಎಚ್’ ಫೈಲಿನ ಹೆಸರಿದ್ದರೆ ಹೆಡರ್ ಸಿಕ್ಕಿಲ್ಲ. ‘ಎಲ್‌ಡಿ: ಕೆನಾಟ್ ಫೈಂಡ್’ ಅಂದರೆ ಲಿಂಕರ್‌ಗೆ ಲೈಬ್ರರಿ ಸಿಕ್ಕಿಲ್ಲ. ‘ಎರರ್ ವೈಲ್ ಲೋಡಿಂಗ್ ಶೇರ್ಡ್ ಲೈಬ್ರರೀಸ್’ ಅಂದರೆ ಬಿಲ್ಡ್ ಮುಗಿದಿದೆ, ಓಡಿಸುವಾಗ ಲೋಡರ್‌ಗೆ ಸಿಕ್ಕಿಲ್ಲ. ಆಗ ‘ಎಲ್‌ಡಿಡಿ’ ಕೊಟ್ಟು ನೋಡಿ, ಯಾವುದರ ಮುಂದೆ ‘ನಾಟ್ ಫೌಂಡ್’ ಇದೆಯೋ ಅದೇ.

ಹೆಡರ್ ವಿಷಯಕ್ಕೆ ಇನ್ನೊಂದು. ಜಿಸಿಸಿ ಕಂಪೈಲರ್‌ಗೆ ‘-ವಿ’ ಸೇರಿಸಿ ಓಡಿಸಿದರೆ ತಾನು ಯಾವ ಯಾವ ಫೋಲ್ಡರಿನಲ್ಲಿ ಹುಡುಕುತ್ತೇನೆ ಅನ್ನುವ ಪಟ್ಟಿಯನ್ನು ಅದೇ ಹೇಳುತ್ತದೆ. ನಿಮ್ಮ ಫೋಲ್ಡರ್ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಫೈಲ್ ಕಣ್ಣ ಮುಂದೆ ಇದ್ದರೂ ಪ್ರಯೋಜನವಿಲ್ಲ. ‘-ಐ’ (ದೊಡ್ಡ ‘ಐ’) ಕೊಟ್ಟು ಸೇರಿಸಬೇಕು. ಯಾವ ಫೈಲ್ ಯಾವ ಪ್ಯಾಕೇಜಿನದ್ದು ಅಂತ ತಿಳಿಯಲು ‘ಆಪ್ಟ್-ಫೈಲ್ ಸರ್ಚ್’ ಇದೆ. ಮೊದಲು ಅದನ್ನು ಹಾಕಿಕೊಂಡು ‘ಆಪ್ಟ್-ಫೈಲ್ ಅಪ್‌ಡೇಟ್’ ಕೊಡಿ.

ಮತ್ತೆ, ಸಾಲುಸಾಲು ಎರರ್‌ನಲ್ಲಿ ಮೊದಲನೆಯದನ್ನು ಮಾತ್ರ ನೋಡಿ. ಉಳಿದವು ಎಷ್ಟೋ ಸಲ ಅದರ ಹಿಂದೆಯೇ ಬಂದವು.

ವಿರಾಜಪೇಟೆಯಿಂದ

ವಿಂಡೋಸ್‌ನಲ್ಲಿ ಓಡುತ್ತದೆ, ಲಿನಕ್ಸ್‌ನಲ್ಲಿ ಇಲ್ಲ ಅಂದ ಕೂಡಲೇ ನಾನು ನೋಡುವುದು ದೊಡ್ಡಕ್ಷರ, ಚಿಕ್ಕಕ್ಷರ. ಫೈಲಿನ ಹೆಸರು ದೊಡ್ಡ ‘ಆರ್’ನಿಂದ ಶುರುವಾಗಿ, ಕೋಡಿನಲ್ಲಿ ಚಿಕ್ಕ ‘ಆರ್’ ಇದ್ದರೆ ವಿಂಡೋಸ್ ಸುಮ್ನೆ ತೆರೆದುಬಿಡುತ್ತದೆ. ಮ್ಯಾಕ್ ಕೂಡ ಸಾಮಾನ್ಯವಾಗಿ ಹಾಗೆಯೇ. ಲಿನಕ್ಸ್‌ಗೆ ಅವು ಎರಡು ಬೇರೆ ಹೆಸರುಗಳು.

ಇದರಲ್ಲಿ ಗಿಟ್ ಒಂದು ತೊಡಕು ಸೇರಿಸುತ್ತದೆ. ಜೊತೆಗಾರ ವಿಂಡೋಸ್‌ನಲ್ಲಿ ಬರೀ ಅಕ್ಷರದ ಗಾತ್ರ ಬದಲಿಸಿ ರಿನೇಮ್ ಮಾಡಿದರೆ ಗಿಟ್ ಅದನ್ನು ಬದಲಾವಣೆ ಅಂತಲೇ ಗಮನಿಸದೆ ಇರಬಹುದು. ಅವನ ಕಡೆ ಹೊಸ ಹೆಸರು, ನಿಮ್ಮ ಕಡೆ ಹಳೆಯ ಹೆಸರು. ‘ಗಿಟ್ ಎಲ್‌ಎಸ್-ಫೈಲ್ಸ್’ ಕೊಟ್ಟರೆ ಗಿಟ್‌ನ ಲೆಕ್ಕದಲ್ಲಿ ಹೆಸರು ಏನಿದೆ ಅಂತ ಗೊತ್ತಾಗುತ್ತದೆ. ರಿನೇಮ್ ಮಾಡಲು ‘ಗಿಟ್ ಎಂವಿ’ ಬಳಸಲು ಹೇಳಿ.

ಇನ್‌ಕ್ಲೂಡ್ ಸಾಲಿನಲ್ಲಿ ಹಿಂದಕ್ಕೆ ಬಾಗಿದ ಗೆರೆ ಇದ್ದರೆ ಅದನ್ನೂ ಬದಲಿಸಿ. ಮುಂದಕ್ಕೆ ಬಾಗಿದ ಗೆರೆ ಎರಡೂ ಕಡೆ ನಡೆಯುತ್ತದೆ, ಹಿಂದಕ್ಕೆ ಬಾಗಿದ್ದು ವಿಂಡೋಸ್‌ನಲ್ಲಿ ಮಾತ್ರ.

ಸೋಮವಾರಪೇಟೆಯಿಂದ

ಇಳಿಸಿಕೊಂಡದ್ದು ಪೂರ್ತಿ ಇಳಿದಿದೆಯಾ ನೋಡಿ. ಕಕ್ಕಡ ತಿಂಗಳ (ಆಟಿಯ) ಮಳೆಯಲ್ಲಿ ನಮ್ಮ ಕಡೆ ನೆಟ್ ಮತ್ತು ಕರೆಂಟ್ ಹೇಗೆ ಅಂತ ನಿಮಗೆ ಬೇರೆ ಹೇಳಬೇಕಾಗಿಲ್ಲ. ಅರ್ಧ ಇಳಿದ ಪ್ಯಾಕೇಜುಗಳಿಂದ ‘ಮಾಡ್ಯೂಲ್ ಇಲ್ಲ’ ಅನ್ನುವ ಎರರ್ ಬರುತ್ತದೆ. ನೋಡ್.ಜೆಎಸ್ (ಜಾವಾಸ್ಕ್ರಿಪ್ಟ್) ಪ್ರಾಜೆಕ್ಟ್ ಆದರೆ ‘ಎನ್‌ಪಿಎಂ ಸಿಐ’ ಕೊಡಿ. ಅದು ಹಳೆಯ ‘ನೋಡ್ ಮಾಡ್ಯೂಲ್ಸ್’ ಫೋಲ್ಡರ್ ತೆಗೆದು ಮೊದಲಿನಿಂದ ಹಾಕುತ್ತದೆ. ನೆಟ್ ಗಟ್ಟಿ ಇರುವ ಹೊತ್ತಿನಲ್ಲೇ ಮಾಡಿ.

ಗಿಟ್‌ನಲ್ಲಿ ಸಬ್‌ಮಾಡ್ಯೂಲ್ (ಒಳಗೆ ಸೇರಿಸಿದ ಬೇರೆ ಪ್ರಾಜೆಕ್ಟ್) ಇದ್ದರೆ, ಮಾಮೂಲಿ ಕ್ಲೋನ್ ಮಾಡಿ ಇಳಿಸಿಕೊಂಡಾಗ ಅದರ ಫೋಲ್ಡರ್ ಬರುತ್ತದೆ, ಒಳಗೆ ಏನೂ ಇರುವುದಿಲ್ಲ. ‘ಗಿಟ್ ಸಬ್‌ಮಾಡ್ಯೂಲ್ ಅಪ್‌ಡೇಟ್ --ಇನಿಟ್ --ರಿಕರ್ಸಿವ್’ ಕೊಡಬೇಕು. ಗಿಟ್‌ಹಬ್‌ನ ಜಿಪ್ ಇಳಿಸಿದರೆ ಸಬ್‌ಮಾಡ್ಯೂಲ್ ಅದರಲ್ಲಿ ಬರುವುದೇ ಇಲ್ಲ.

ಕರೆಂಟ್ ವಿಷಯ ಇನ್ನೂ ಸೂಕ್ಷ್ಮ. ಡೆಸ್ಕ್‌ಟಾಪಿನಲ್ಲಿ ಬಿಲ್ಡ್ ನಡೆಯುವಾಗ ಕರೆಂಟ್ ಹೋದರೆ ಆಬ್ಜೆಕ್ಟ್ ಫೈಲ್ (ಕಂಪೈಲ್ ಆದ ತುಣುಕು) ಅರ್ಧ ಬರೆದು ನಿಲ್ಲಬಹುದು, ಖಾಲಿಯೂ ಆಗಿರಬಹುದು. ಬಿಲ್ಡ್ ನಡೆಸುವ ‘ಮೇಕ್’ ನೋಡುವುದು ಫೈಲಿನ ಸಮಯವನ್ನು. ಹೊಸ ಸಮಯ ಇದೆ, ಆದ್ದರಿಂದ ಇದು ಆಗಿದೆ ಅಂತ ಬಿಟ್ಟು ಮುಂದೆ ಹೋಗುತ್ತದೆ. ಆಮೇಲೆ ಲಿಂಕರ್ ವಿಚಿತ್ರವಾಗಿ ದೂರುತ್ತದೆ. ಬಿಲ್ಡ್ ಫೋಲ್ಡರ್ ಪೂರ್ತಿ ಅಳಿಸಿ ಮತ್ತೆ ಮಾಡಿ. ಬಿಲ್ಡ್ ಸಿದ್ಧ ಮಾಡಲು ಸಿಮೇಕ್ ಬಳಸುತ್ತಿದ್ದು ಪ್ರಾಜೆಕ್ಟ್ ಫೋಲ್ಡರನ್ನು ಬೇರೆ ಕಡೆಗೆ ಸರಿಸಿದ್ದರೂ ಇದೇ ಮದ್ದು. ‘ಸಿಮೇಕ್‌ಕ್ಯಾಶ್’ ಫೈಲಿನಲ್ಲಿ ಹಳೆಯ ದಾರಿಯೇ ಕುಳಿತಿರುತ್ತದೆ.

ನಾಪೋಕ್ಲಿನಿಂದ, ಮತ್ತೆ

ಎಲ್ಲರಿಗೂ ತುಂಬಾ ಧನ್ಯವಾದ. ಡೆವ್ ಪ್ಯಾಕೇಜ್ ಹಾಕಿದೆ, ಎರಡು ಹೆಡರ್‌ಗಳಲ್ಲಿ ಅಕ್ಷರದ ಗಾತ್ರದ್ದೇ ತೊಂದರೆ ಇತ್ತು. ಈಗ ಬಿಲ್ಡ್ ಆಗುತ್ತದೆ! ಟರ್ಮಿನಲ್‌ನಲ್ಲಿ ಡೇಟಾ ಫೋಲ್ಡರಿನಿಂದ ಓಡಿಸಿದರೆ ಸರಿ. ವಿಎಸ್ ಕೋಡ್‌ನಲ್ಲಿ ಡಿಬಗ್ ಕೊಟ್ಟರೆ ನಿಂತುಬಿಡುತ್ತದೆ. ಡಿಬಗ್ಗರ್ ಆದ ಜಿಡಿಬಿ ಹೇಳುವುದು: ‘./ಎನ್‌ಪಿಟಿಎಲ್/ಪಿಥ್ರೆಡ್_ಕಿಲ್.ಸಿ: ನೋ ಸಚ್ ಫೈಲ್ ಆರ್ ಡೈರೆಕ್ಟರಿ’. ಈ ಫೈಲ್ ನಮ್ಮದಲ್ಲ. ಇದನ್ನು ಎಲ್ಲಿಂದ ತರಲಿ?

ಗೋಣಿಕೊಪ್ಪದಿಂದ

ತರಬೇಡಿ. ಆ ಫೈಲ್ ಇಲ್ಲದ್ದರಿಂದ ನಿಮ್ಮ ಪ್ರೋಗ್ರಾಂ ನಿಂತಿಲ್ಲ. ಅದು ಲಿನಕ್ಸ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿಯ ಮೂಲ ಕೋಡ್. ಪ್ರೋಗ್ರಾಂ ಆ ಜಾಗದಲ್ಲಿ ಸತ್ತಿದೆ. ಆ ಸಾಲನ್ನು ತೋರಿಸೋಣ ಅಂತ ಡಿಬಗ್ಗರ್ ಹೋಯಿತು, ಮೂಲ ಕೋಡ್ ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲ, ಅಷ್ಟೇ. ವಿಷುಯಲ್ ಸ್ಟುಡಿಯೋದಲ್ಲಿ ಸಿಸ್ಟಂ ಡಿಎಲ್‌ಎಲ್‌ಗಳಿಗೆ ‘ಪಿಡಿಬಿ (ಡಿಬಗ್ ಮಾಹಿತಿಯ) ಫೈಲ್ ಸಿಗಲಿಲ್ಲ’ ಅಂತ ಬರುವುದೂ ಇದೇ ಜಾತಿ. ಅದನ್ನು ಬಿಡಿ.

ಪಿಥ್ರೆಡ್ ಕಿಲ್‌ನಲ್ಲಿ ನಿಂತಿದೆ ಅಂದರೆ ಹೆಚ್ಚಾಗಿ ಕೋಡಿನಲ್ಲಿ ಯಾರೋ ಪ್ರೋಗ್ರಾಂ ನಿಲ್ಲಿಸುವ ‘ಅಬಾರ್ಟ್’ ಕರೆದಿದ್ದಾರೆ. ಸಿ ಪ್ಲಸ್ ಪ್ಲಸ್‌ನಲ್ಲಿ ಎಕ್ಸೆಪ್ಶನ್ (ತಪ್ಪಾಯಿತು ಅನ್ನುವ ಸೂಚನೆ) ಒಂದನ್ನು ಯಾರೂ ಹಿಡಿಯದಿದ್ದರೆ ಹೀಗಾಗುತ್ತದೆ. ಜಿಡಿಬಿಯಲ್ಲಿ ‘ಬಿಟಿ’ ಕೊಡಿ, ಯಾರು ಯಾರನ್ನು ಕರೆದು ಇಲ್ಲಿಗೆ ಬಂತು ಅನ್ನುವ ಪಟ್ಟಿ ಬರುತ್ತದೆ. ಮೇಲಿನ ಸಾಲುಗಳನ್ನು ದಾಟಿ ನಿಮ್ಮ ಸ್ವಂತ ಫೈಲಿನ ಹೆಸರು ಮೊದಲು ಎಲ್ಲಿ ಬರುತ್ತದೋ ಅಲ್ಲಿಗೆ ಹೋಗಿ.

ನನ್ನ ಊಹೆ ಹೇಳುತ್ತೇನೆ, ಸರಿಯಾ ನೋಡಿ. ಮಳೆ ಲೆಕ್ಕದ ಫೈಲನ್ನು ‘ಐಎಫ್‌ಸ್ಟ್ರೀಮ್’ನಿಂದ ತೆರೆಯುತ್ತೀರಿ ಅಲ್ವಾ? ಅದು ಫೈಲ್ ಸಿಗದಿದ್ದರೂ ತಾನಾಗಿ ಏನೂ ಹೇಳುವುದಿಲ್ಲ. ನೀವು ಕೇಳಿದರೆ ಮಾತ್ರ ಹೇಳುತ್ತದೆ. ಓದಿದ್ದು ಏನೂ ಇಲ್ಲ, ಪಟ್ಟಿ ಖಾಲಿ. ಆಮೇಲೆ ಎಲ್ಲೋ ‘.ಅಟ್(0)’ ಅಂದ ಕೂಡಲೇ ‘ಔಟ್ ಆಫ್ ರೇಂಜ್’ ಎಕ್ಸೆಪ್ಶನ್, ಅಲ್ಲಿಂದ ಅಬಾರ್ಟ್. ನಿಜವಾಗಿ ಸಿಗದೇ ಹೋದ ಫೈಲಿನ ಹೆಸರು ಎಲ್ಲೂ ಬರಲಿಲ್ಲ. ಸಂಬಂಧವೇ ಇಲ್ಲದ ಫೈಲಿನ ಹೆಸರು ಪರದೆ ತುಂಬಾ ಬಂತು. ಹೊಸಬರನ್ನು ಇದು ಎಷ್ಟು ಅಲೆಸುತ್ತದೆ ಅಂತ ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಟರ್ಮಿನಲ್‌ನಲ್ಲಿ ಸಿಕ್ಕಿದ್ದು ಡಿಬಗ್‌ನಲ್ಲಿ ಯಾಕೆ ಸಿಗಲಿಲ್ಲ? ಕೋಡಿನಲ್ಲಿ ಬರೀ ‘ಮಳೆ.ಸಿಎಸ್‌ವಿ’ ಥರದ ಹೆಸರು ಇದ್ದರೆ ಅದು ‘ಎಡಕ್ಕೆ ಎರಡನೇ ಗೇಟು’ ಅಂತ ತೋಟದ ದಾರಿ ಹೇಳಿದ ಹಾಗೆ. ಕೇಳುವವನು ಎಲ್ಲಿ ನಿಂತಿದ್ದಾನೆ ಅನ್ನುವುದರ ಮೇಲೆ ಬೇರೆ ಬೇರೆ ಮನೆಗೆ ಹೋಗುತ್ತಾನೆ. ಪ್ರೋಗ್ರಾಂ ನಿಂತಿರುವ ಜಾಗಕ್ಕೆ ವರ್ಕಿಂಗ್ ಡೈರೆಕ್ಟರಿ ಅನ್ನುತ್ತಾರೆ. ಅದು ಪ್ರೋಗ್ರಾಂ ಫೈಲ್ ಇರುವ ಫೋಲ್ಡರೇ ಆಗಬೇಕೆಂದಿಲ್ಲ. ಟರ್ಮಿನಲ್‌ನಲ್ಲಿ ನೀವು ಎಲ್ಲಿದ್ದೀರೋ ಅದು. ವಿಎಸ್ ಕೋಡ್‌ನಲ್ಲಿ ‘ಲಾಂಚ್.ಜೆಸಾನ್’ ಫೈಲಿನ ‘ಸಿಡಬ್ಲ್ಯುಡಿ’ ಏನು ಹೇಳುತ್ತದೋ ಅದು. ವಿಷುಯಲ್ ಸ್ಟುಡಿಯೋದ ಸಿ ಪ್ಲಸ್ ಪ್ಲಸ್ ಪ್ರಾಜೆಕ್ಟಿನಲ್ಲಿ, ಬದಲಿಸದಿದ್ದರೆ, ಪ್ರಾಜೆಕ್ಟ್ ಫೋಲ್ಡರ್.

ಈಗಿನ ಮಟ್ಟಿಗೆ ‘ಸಿಡಬ್ಲ್ಯುಡಿ’ ಸರಿ ಮಾಡಿ. ಆದರೆ ಅಲ್ಲಿಗೇ ಬಿಡಬೇಡಿ. ಫೈಲ್ ತೆರೆದ ಕೂಡಲೇ ತೆರೆಯಿತಾ ಅಂತ ಪರೀಕ್ಷಿಸಿ. ತೆರೆಯದಿದ್ದರೆ ಪೂರ್ತಿ ದಾರಿಯನ್ನು ಬರೆದು ನಿಲ್ಲಿಸಿ. ಸಿ ಪ್ಲಸ್ ಪ್ಲಸ್ 17ರಿಂದ ‘ಫೈಲ್‌ಸಿಸ್ಟಮ್’ ಲೈಬ್ರರಿಯಲ್ಲಿ ‘ಆಬ್ಸಲ್ಯೂಟ್’, ‘ಕರೆಂಟ್_ಪಾತ್’ ಎರಡೂ ಇವೆ. ‘ಮಳೆ.ಸಿಎಸ್‌ವಿ ಇಲ್ಲ’ ಅನ್ನುವುದಕ್ಕಿಂತ ‘ನಾನು ಇಂಥ ಫೋಲ್ಡರಿನಲ್ಲಿ ಹುಡುಕಿದೆ, ಸಿಗಲಿಲ್ಲ’ ಅಂತ ಪ್ರೋಗ್ರಾಂ ಹೇಳಿದರೆ ನಾಳೆ ಅದನ್ನು ಬಳಸುವ ತೋಟದವರಿಗೂ ಉಪಕಾರ. ಪೈಥಾನ್‌ನಲ್ಲಾದರೆ ‘ಪಾತ್‌ಲಿಬ್’ ಮತ್ತು ‘__ಫೈಲ್__’ ಬಳಸಿ, ಸ್ಕ್ರಿಪ್ಟ್ ಇರುವ ಜಾಗದಿಂದಲೇ ದಾರಿ ಕಟ್ಟಿ.

ಮಡಿಕೇರಿಯಿಂದ

ಮುಂದೆ ಬರಬಹುದಾದ ಒಂದನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಇದಕ್ಕಿಂತ ದಾರಿ ತಪ್ಪಿಸುವುದು ಇನ್ನೊಂದಿಲ್ಲ. ‘./ಬಿಲ್ಡ್.ಎಸ್‌ಎಚ್’ ಥರದ ಶೆಲ್ ಸ್ಕ್ರಿಪ್ಟ್ ಓಡಿಸಿದರೆ ‘ಬ್ಯಾಡ್ ಇಂಟರ್‌ಪ್ರಿಟರ್: ನೋ ಸಚ್ ಫೈಲ್’ ಅನ್ನುತ್ತದೆ. ಫೈಲ್ ಇದೆ, ಅನುಮತಿಯೂ ಇದೆ. ಇಲ್ಲದಿರುವುದು ಆ ಫೈಲ್ ಅಲ್ಲ, ಅದರ ಮೊದಲ ಸಾಲಿನಲ್ಲಿ ಹೆಸರಿಸಿದ, ಅದನ್ನು ಓಡಿಸಬೇಕಾದ ಶೆಲ್. ವಿಂಡೋಸ್‌ನಲ್ಲಿ ಸೇವ್ ಮಾಡಿದಾಗ ಪ್ರತಿ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಒಂದು ಅಕ್ಷರ ಜಾಸ್ತಿ ಸೇರಬಹುದು. ಲಿನಕ್ಸ್ ಅದನ್ನೂ ಸೇರಿಸಿ ಶೆಲ್‌ನ ಹೆಸರು ಅಂದುಕೊಳ್ಳುತ್ತದೆ. ಅಂಥ ಹೆಸರಿನ ಶೆಲ್ ಎಲ್ಲಿಂದ ಬರಬೇಕು? ‘ಕ್ಯಾಟ್ -ಎ’ ಕೊಟ್ಟರೆ (ದೊಡ್ಡ ‘ಎ’) ಆ ಅಕ್ಷರ ‘^ಎಂ’ ಆಗಿ ಕಾಣುತ್ತದೆ. ‘ಡಾಸ್2ಯುನಿಕ್ಸ್’ ಸರಿ ಮಾಡುತ್ತದೆ. ಮತ್ತೆ ಬಾರದ ಹಾಗೆ ‘.ಗಿಟ್‌ಆಟ್ರಿಬ್ಯೂಟ್ಸ್’ನಲ್ಲಿ ಶೆಲ್ ಸ್ಕ್ರಿಪ್ಟ್‌ಗಳಿಗೆ ‘ಇಒಎಲ್=ಎಲ್‌ಎಫ್’ ಹಾಕಿಡಿ.

ಸ್ಕ್ರಿಪ್ಟ್ ಅಲ್ಲದ ಪ್ರೋಗ್ರಾಂಗೂ ಹೀಗಾಗುತ್ತದೆ. 32 ಬಿಟ್ ಪ್ರೋಗ್ರಾಂ ಒಂದನ್ನು 64 ಬಿಟ್ ಉಬುಂಟುವಿನಲ್ಲಿ ಓಡಿಸಿದಾಗ ಅದಕ್ಕೆ ಬೇಕಾದ ಲೋಡರ್ ಇಲ್ಲದಿದ್ದರೆ, ಪ್ರೋಗ್ರಾಂ ಫೈಲೇ ಇಲ್ಲ ಅನ್ನುವಂತೆ ಸಂದೇಶ ಬರುತ್ತದೆ. ಬ್ಯಾಷ್ 5.2ರಿಂದ ‘ರಿಕ್ವೈರ್ಡ್ ಫೈಲ್ ನಾಟ್ ಫೌಂಡ್’ ಅಂತ ಸ್ವಲ್ಪ ಸ್ಪಷ್ಟವಾಗಿ ಹೇಳುತ್ತದೆ. ‘ಫೈಲ್’ ಎನ್ನುವ ಕಮಾಂಡ್ ಕೊಟ್ಟರೆ ಅದಕ್ಕೆ ಯಾವ ಲೋಡರ್ ಬೇಕು ಅಂತ ತಿಳಿಯುತ್ತದೆ.

ಏನೂ ತೋಚದಿದ್ದಾಗ ‘ಎಸ್‌ಟ್ರೇಸ್’. ‘ಎಸ್‌ಟ್ರೇಸ್ -ಎಫ್ -ಇ ಟ್ರೇಸ್=ಫೈಲ್’ ಅಂತ ಮುಂದಿಟ್ಟು ಪ್ರೋಗ್ರಾಂ ಓಡಿಸಿದರೆ ಅದು ಕೇಳಿದ ಪ್ರತಿ ಫೈಲಿನ ದಾರಿ, ಕರ್ನಲ್ ಕೊಟ್ಟ ಉತ್ತರ, ಎರಡೂ ಸಾಲಾಗಿ ಬರುತ್ತವೆ. ಊಹೆಗೆ ಜಾಗವೇ ಇಲ್ಲ. ‘ಇನೋಎಂಟ್’ (ಅಂಥ ಫೈಲ್ ಇಲ್ಲ) ಅಂತ ತುಂಬಾ ಸಾಲು ಕಂಡರೆ ಹೆದರಬೇಡಿ. ಲೈಬ್ರರಿಯನ್ನು ನಾಲ್ಕು ಕಡೆ ಹುಡುಕಿ ಐದನೇ ಕಡೆ ಸಿಕ್ಕಿದರೆ ಮೊದಲ ನಾಲ್ಕೂ ಹಾಗೆ ಬರುತ್ತವೆ. ಕೊನೆಯವರೆಗೂ ಎಲ್ಲೂ ಸಿಗದ ಹೆಸರನ್ನು ಹಿಡಿಯಿರಿ.

ಪೊನ್ನಂಪೇಟೆಯಿಂದ

ನಿಮ್ಮ ಜೊತೆಗಾರನಿಗೆ ವಿಂಡೋಸ್ ಕಡೆಯದ್ದು. ಎಸ್‌ಟ್ರೇಸ್ ಮಾಡುವ ಕೆಲಸಕ್ಕೆ ಅಲ್ಲಿ ಪ್ರೋಸೆಸ್ ಮಾನಿಟರ್ ಇದೆ, ಮೈಕ್ರೋಸಾಫ್ಟ್‌ನದ್ದೇ, ಉಚಿತ. ‘ನೇಮ್ ನಾಟ್ ಫೌಂಡ್’ ಅಂತ ಫಿಲ್ಟರ್ ಹಾಕಿ ನೋಡಬೇಕು.

ವಿಷುಯಲ್ ಸ್ಟುಡಿಯೋದಲ್ಲಿ ‘ಸಿ1083’ ಎರರ್ ಬಂದರೆ ಹೆಡರ್ ತೆರೆಯಲಾಗಲಿಲ್ಲ ಅಂತ. ಇನ್‌ಕ್ಲೂಡ್ ದಾರಿಯನ್ನು ಡಿಬಗ್‌ಗೆ ಮಾತ್ರ ಕೊಟ್ಟು ರಿಲೀಸ್‌ಗೆ ಮರೆತಿರುವುದು ತುಂಬಾ ಸಾಮಾನ್ಯ. ‘ಎಲ್‌ಎನ್‌ಕೆ1104’ (ಲಿಂಕರ್‌ಗೆ ಫೈಲ್ ತೆರೆಯಲಾಗಲಿಲ್ಲ) ಬಂದು, ಹೇಳುತ್ತಿರುವುದು ನಿಮ್ಮದೇ ‘.ಎಕ್ಸ್‌ಇ’ ಬಗ್ಗೆ ಆದರೆ, ಹಿಂದಿನ ಸಲ ಓಡಿಸಿದ್ದು ಇನ್ನೂ ಓಡುತ್ತಿರಬಹುದು. ಮುಚ್ಚಿ ಮತ್ತೆ ಬಿಲ್ಡ್ ಕೊಡಿ.

ಕಾಲೇಜಿಗೆ ತೋರಿಸಲು ಒಯ್ದಾಗ ‘ವಿಸಿರನ್‌ಟೈಮ್140ಡಿ.ಡಿಎಲ್‌ಎಲ್ ಇಲ್ಲ’ ಅಂದರೆ ಕೊನೆಯ ‘ಡಿ’ ನೋಡಿ. ಅದು ಡಿಬಗ್ ಬಿಲ್ಡ್. ರಿಲೀಸ್ ಬಿಲ್ಡ್ ಮಾಡಿ, ಆ ಕಂಪ್ಯೂಟರಿಗೆ ಮೈಕ್ರೋಸಾಫ್ಟ್‌ನ ವಿಷುಯಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್ ಹಾಕಿ. ಯಾವುದೋ ಸೈಟಿನಿಂದ ಒಂಟಿ ಡಿಎಲ್‌ಎಲ್ ಇಳಿಸಿ ಹಾಕಬೇಡಿ, ದಯವಿಟ್ಟು. ಅದರೊಳಗೆ ಏನಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ.

ಫೋಲ್ಡರಿನೊಳಗೆ ಫೋಲ್ಡರ್ ಆಗಿ ದಾರಿ 260 ಅಕ್ಷರ ಮುಟ್ಟಿದರೂ ಕೆಲವು ಟೂಲ್‌ಗಳಿಗೆ ಫೈಲ್ ಸಿಗುವುದಿಲ್ಲ. 2016ರಲ್ಲಿ ಬಂದ ವಿಂಡೋಸ್ 10ರ 1607 ಆವೃತ್ತಿಯಿಂದ ಈ ಮಿತಿ ಸಡಿಲಿಸುವ ಸೆಟ್ಟಿಂಗ್ ಇದೆ, ಆದರೆ ಟೂಲ್ ಕೂಡ ಅದಕ್ಕೆ ಒಪ್ಪಬೇಕು. ಪ್ರಾಜೆಕ್ಟನ್ನು ಡ್ರೈವಿನ ಬುಡದಲ್ಲೇ ಚಿಕ್ಕ ಹೆಸರಿನ ಫೋಲ್ಡರಿನಲ್ಲಿ ಇಡುವುದು ಸುಲಭ.

ನಾಪೋಕ್ಲಿನಿಂದ, ಮತ್ತೆ

ಗೋಣಿಕೊಪ್ಪದವರ ಊಹೆ ಸರಿ ಇತ್ತು. ‘ಬಿಟಿ’ಯಲ್ಲಿ ನಮ್ಮ ಫೈಲ್ ಬಂತು, ‘.ಅಟ್(0)’ ಇರುವ ಸಾಲೇ. ಸಿಡಬ್ಲ್ಯುಡಿ ಬದಲಿಸಿದ ಮೇಲೆ ಡಿಬಗ್ ಓಡುತ್ತಿದೆ. ಪರೀಕ್ಷೆಯ ಸಾಲನ್ನೂ ಸೇರಿಸುತ್ತಿದ್ದೇನೆ. ಗೈಡ್‌ಗೆ ಕೊಡುವ ಮೊದಲು ಇನ್ನೇನಾದರೂ ನೋಡಬೇಕಾ?

ಕುಶಾಲನಗರದಿಂದ

ಹೊಸ ಫೋಲ್ಡರಿನಲ್ಲಿ, ಸಾಧ್ಯವಾದರೆ ಬೇರೆಯವರ ಕಂಪ್ಯೂಟರಿನಲ್ಲಿ, ಗಿಟ್‌ನಿಂದ ಮತ್ತೆ ಕ್ಲೋನ್ ಮಾಡಿ ಬಿಲ್ಡ್ ಕೊಡಿ. ನಿಮ್ಮ ಮೂಲ ಫೋಲ್ಡರಿನಲ್ಲಿ ಗಿಟ್‌ಗೆ ಸೇರದ ಫೈಲ್‌ಗಳು ಇದ್ದೇ ಇರುತ್ತವೆ, ನಿಮಗೆ ಅವು ಕಾಣುವುದರಿಂದ ಕೊರತೆ ಗೊತ್ತಾಗುವುದಿಲ್ಲ. ‘ಗಿಟ್ ಸ್ಟೇಟಸ್ --ಇಗ್ನೋರ್ಡ್’ ಕೊಟ್ಟರೆ ಬಿಟ್ಟುಹೋದವುಗಳ ಪಟ್ಟಿ ಬರುತ್ತದೆ. ಅದರಲ್ಲಿ ಸಿಎಸ್‌ವಿ ಇದೆಯಾ ಅಂತ ಮುಖ್ಯವಾಗಿ ನೋಡಿ. ಎಷ್ಟೋ ಪ್ರಾಜೆಕ್ಟ್‌ಗಳ ‘.ಗಿಟ್‌ಇಗ್ನೋರ್’ನಲ್ಲಿ ಡೇಟಾ ಫೋಲ್ಡರೇ ಸೇರಿರುತ್ತದೆ. ಯಾವ ಸಾಲಿನಿಂದ ಫೈಲ್ ಹೊರಗುಳಿಯಿತು ಅಂತ ‘ಗಿಟ್ ಚೆಕ್-ಇಗ್ನೋರ್ -ವಿ’ ಹೇಳುತ್ತದೆ. ಡೈರಿ ಕೊಟ್ಟವರು ತಮ್ಮ ಲೆಕ್ಕ ಹೊರಗೆ ಹೋಗುವುದು ಬೇಡ ಅಂದಿದ್ದರೆ, ನಾಲ್ಕು ಸಾಲಿನ ಮಾದರಿ ಸಿಎಸ್‌ವಿ ಒಂದನ್ನು ಸೇರಿಸಿ. ಉಬುಂಟುವಿನಲ್ಲಿ ಹಾಕಬೇಕಾದ ಪ್ಯಾಕೇಜುಗಳ ಹೆಸರನ್ನು ರೀಡ್‌ಮಿಯಲ್ಲಿ ಬರೆಯಿರಿ.