ಸಲೋನ್‌ಗೆ ನಾಲ್ಕೇ ಫೋಟೋ: ಯಾವುದನ್ನು ಇಡುವುದು, ಯಾವುದನ್ನು ಬಿಡುವುದು?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವಳು. ಮೊದಲ ಸಲ ಒಂದು ರಾಷ್ಟ್ರಮಟ್ಟದ ಸಲೋನ್‌ಗೆ, ಅಂದರೆ ಫೋಟೋ ಸ್ಪರ್ಧೆಗೆ, ಫೋಟೋ ಕಳಿಸಬೇಕು ಅಂತಿದ್ದೇನೆ. ಕಲರ್, ಮಾನೋಕ್ರೋಮ್ (ಕಪ್ಪು ಬಿಳುಪು), ನೇಚರ್, ಟ್ರಾವೆಲ್ ಅಂತ ವಿಭಾಗಗಳಿವೆ. ಒಂದೊಂದಕ್ಕೂ ನಾಲ್ಕೇ ಫೋಟೋ. ನೇಚರ್‌ಗೆ ಸೋಸಿ ಸೋಸಿ ಆರು ಉಳಿಸಿಕೊಂಡಿದ್ದೇನೆ. ಮಂಡಗದ್ದೆಯಲ್ಲಿ ಗೂಡಿನ ಮರಿಗೆ ಉಣಿಸುತ್ತಿರುವ ಬೆಳ್ಳಕ್ಕಿ, ಅಲ್ಲೇ ರೆಕ್ಕೆ ಬಿಚ್ಚಿ ಒಣಗಿಸುತ್ತಿರುವ ಹಾವಕ್ಕಿ, ಆಗುಂಬೆಯ ಮಳೆಯಲ್ಲಿ ನೆನೆದ ಪಿಟ್ ವೈಪರ್ ಹಾವು, ಮೀನು ಕಚ್ಚಿಕೊಂಡ ಮಿಂಚುಳ್ಳಿ, ಸಕ್ರೆಬೈಲಿನ ಆನೆ ಬಿಡಾರದಲ್ಲಿ ಆನೆ ಸ್ನಾನ, ಕೊಡಚಾದ್ರಿಯ ಮಂಜು. ಇವುಗಳಲ್ಲಿ ಯಾವ ಎರಡನ್ನು ಬಿಡಲಿ? ಇನ್ನೊಂದು ಪ್ರಶ್ನೆ. ಮಿಂಚುಳ್ಳಿಯ ಬಾಲದ ಮೇಲೆ ಒಂದು ಸಣ್ಣ ಕಡ್ಡಿ ಅಡ್ಡ ಬಂದಿದೆ. ಅದನ್ನು ಅಳಿಸಬಹುದಾ?

ಹಳೇ ರೋಲು:
ಅಳಿಸುವಂತಿಲ್ಲ ತಾಯಿ. ಫೋಟೋಗ್ರಫಿಯ ಅಂತಾರಾಷ್ಟ್ರೀಯ ಒಕ್ಕೂಟ ಫಿಯಾಪ್, ಅಮೆರಿಕದ ಫೋಟೋಗ್ರಾಫಿಕ್ ಸೊಸೈಟಿ ಪಿಎಸ್‌ಎ, ಬ್ರಿಟನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ ಮೂರೂ ಸೇರಿ ನೇಚರ್ ವಿಭಾಗಕ್ಕೆ ಒಂದೇ ವ್ಯಾಖ್ಯೆ ಒಪ್ಪಿಕೊಂಡಿವೆ. ನಮ್ಮ ಸಲೋನ್‌ಗಳೂ ಹೆಚ್ಚಾಗಿ ಅದನ್ನೇ ಪಾಲಿಸುತ್ತವೆ. ಕ್ರಾಪ್ ಮಾಡಬಹುದು. ಸೆನ್ಸರ್ ಮೇಲಿನ ಧೂಳಿನ ಚುಕ್ಕೆ ತೆಗೆಯಬಹುದು, ನೋಯ್ಸ್ (ಚಿತ್ರದಲ್ಲಿ ಕಾಣುವ ಕಾಳುಕಾಳು) ಕಡಿಮೆ ಮಾಡಬಹುದು. ಚಿತ್ರದಲ್ಲಿರುವ ಒಂದು ಎಲೆಯನ್ನೂ ಸೇರಿಸುವಂತಿಲ್ಲ, ಜರುಗಿಸುವಂತಿಲ್ಲ, ಅಳಿಸುವಂತಿಲ್ಲ. ಕಡ್ಡಿ ಸಣ್ಣದೋ ದೊಡ್ಡದೋ ಅನ್ನುವ ಮಾತೇ ಬರುವುದಿಲ್ಲ.

ಸಕ್ರೆಬೈಲಿನ ಆನೆಯನ್ನೂ ಇಲ್ಲಿಂದ ತೆಗೆಯಿರಿ. ಅದರಲ್ಲಿ ಮಾವುತ ಇರುತ್ತಾನೆ, ಕಾಲಿಗೆ ಸರಪಳಿ ಇರುತ್ತದೆ. ಮನುಷ್ಯನ ಗುರುತು ಇರುವ ಚಿತ್ರ ನೇಚರ್‌ನಲ್ಲಿ ನಡೆಯುವುದಿಲ್ಲ. ಟ್ರಾವೆಲ್‌ಗೆ ಹಾಕಿ, ಅಲ್ಲಿ ಚೆನ್ನಾಗಿ ಕೂರುತ್ತದೆ.

ಕಡಲಕಣ್ಣು:
ಒಂದು ಬಿಟ್ಟಾಯಿತು, ಇನ್ನೊಂದು ಬಾಕಿ. ಕೊಡಚಾದ್ರಿ ಬಿಡಿ ಅಂತ ನನ್ನ ಅಭಿಪ್ರಾಯ. ಸಲೋನ್‌ನಲ್ಲಿ ತೀರ್ಪುಗಾರರ ಮುಂದೆ ಸಾವಿರಾರು ಚಿತ್ರ ಸಾಲಾಗಿ ಬರುತ್ತವೆ. ಒಂದೊಂದಕ್ಕೆ ಕೆಲವೇ ಸೆಕೆಂಡು. ಅಷ್ಟರಲ್ಲಿ ಕಣ್ಣಿಗೆ ಬೀಳಬೇಕು. ಮೀನು ಹಿಡಿದ ಹಕ್ಕಿ ಬೀಳುತ್ತದೆ, ಮಂಜು ಬೀಳುವುದಿಲ್ಲ. ನಾನು ಕಳಿಸುವ ಮೊದಲು ಆ ಸಲೋನ್‌ನ ಹಿಂದಿನ ವರ್ಷಗಳ ಕ್ಯಾಟಲಾಗ್, ಅಂದರೆ ಆಯ್ಕೆಯಾದ ಚಿತ್ರಗಳ ಪುಸ್ತಕ, ತೆರೆದು ಕೂರುತ್ತೇನೆ. ಎಂಥದ್ದಕ್ಕೆ ಮೆಡಲ್ ಬಂದಿದೆ, ಎಂಥದ್ದು ಬರೀ ಆಯ್ಕೆಯಲ್ಲಿ ನಿಂತಿದೆ ಅಂತ ನೋಡುತ್ತೇನೆ. ಟ್ರಾವೆಲ್‌ಗೆ ಕಂಬಳ ಇದ್ದರೆ ಕಳಿಸಿ. ಕೆಸರುನೀರು ಹಾರುವ ಕಂಬಳದ ಫೋಟೋ ಈಗಲೂ ಗೆಲ್ಲುತ್ತದೆ.

ಸವಿತಾ_ಮೈಸೂರು:
ಕಡಲಕಣ್ಣು ಅವರೇ, ನಿಮ್ಮ ಕಂಬಳದ ಚಿತ್ರಗಳನ್ನು ನೋಡಿದ್ದೇನೆ, ನನಗೆ ತುಂಬಾ ಇಷ್ಟ. ನೀವು ಆ ಊರಿನವರು. ಯಾವ ಕೋಣ ಹೇಗೆ ಓಡುತ್ತದೆ, ಯಾರು ಹಲಗೆ ಮೇಲೆ ನಿಲ್ಲುತ್ತಾರೆ ಅಂತ ನಿಮಗೆ ಗೊತ್ತು. ಆದರೆ ಕಂಬಳಕ್ಕೆ ಒಂದು ದಿನ ಬಂದು, ಕೋಣ ಓಡುವ ಕೆಸರಿನ ಕರೆಯ ತುದಿಯಲ್ಲಿ ಎಲ್ಲರ ಜೊತೆ ಸಾಲಾಗಿ ನಿಂತು, ಎಲ್ಲರೂ ಒತ್ತಿದ ಕ್ಷಣಕ್ಕೇ ಬಟನ್ ಒತ್ತಿದ ಫೋಟೋ ಬೇರೆ. ಅಂಥವು ಕ್ಯಾಟಲಾಗ್ ತುಂಬಾ ಇವೆ. ಕ್ಯಾಟಲಾಗ್ ನೋಡಿ ಆರಿಸಿದರೆ ಈಗಾಗಲೇ ಗೆದ್ದ ಚಿತ್ರದ ನಕಲನ್ನೇ ಕಳಿಸುತ್ತೇವೆ. ಆ ಕೆಲವು ಸೆಕೆಂಡಿನಲ್ಲಿ ತೀರ್ಪುಗಾರರಿಗೆ ಮೊದಲು ಅನ್ನಿಸುವುದು "ಇದನ್ನು ಎಲ್ಲೋ ನೋಡಿದ್ದೇನೆ" ಅಂತ.

2023ರಲ್ಲಿ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್‌ನಲ್ಲಿ ಹತ್ತು ವರ್ಷದೊಳಗಿನವರ ಬಹುಮಾನ ಬೆಂಗಳೂರಿನ ಒಬ್ಬ ಹುಡುಗನಿಗೆ ಬಂತು. ಹುಲಿ ಅಲ್ಲ, ಕಪ್ಪು ಚಿರತೆ ಅಲ್ಲ. ದೇವನಹಳ್ಳಿ ಹತ್ತಿರದ ನಲ್ಲೂರಿನ ಹುಣಸೆ ತೋಪಿನಲ್ಲಿ, ಕೃಷ್ಣನ ಕೆತ್ತನೆ ಇರುವ ಗೋಡೆಯ ಮೇಲೆ ಬಲೆ ನೇಯುತ್ತಿದ್ದ ಒಂದು ಜೇಡ. ತುಂಗಾತೀರ, ಕೊಡಚಾದ್ರಿ ಬಿಡಬೇಡಿ. ನೀವು ಮಳೆಗಾಲದಲ್ಲೂ ಅಲ್ಲಿಗೆ ಹೋಗಿಬರುವಷ್ಟು ಹತ್ತಿರದಲ್ಲಿದ್ದೀರಿ. ಬೇರೆಯವರಿಗೆ ಆ ಬೆಳಕು ಸಿಗುವುದಿಲ್ಲ.

ಹಳೇ ರೋಲು:
ಸವಿತಾ ಅವರೇ, ಒಳ್ಳೆಯ ಉದಾಹರಣೆ. ಆದರೆ ಹೊಸಬರಿಗೆ ಒಂದು ಎಚ್ಚರಿಕೆ. ಅದೇ ಜೇಡದ ಚಿತ್ರವನ್ನು ಸಲೋನ್‌ನ ನೇಚರ್ ವಿಭಾಗಕ್ಕೆ ಕಳಿಸಿದರೆ ಗೋಡೆ, ಕೆತ್ತನೆ ನೋಡಿ ತಕರಾರು ಬರಬಹುದು. ಗೂಬೆ, ಕೊಕ್ಕರೆಯಂತೆ ಮನುಷ್ಯನ ಜಾಗಕ್ಕೆ ಹೊಂದಿಕೊಂಡ ಜೀವಿಗಳಿಗೆ ವಿನಾಯಿತಿ ಇದೆ. ಆದರೂ ಅದು ತೀರ್ಪುಗಾರರು ಹೇಗೆ ಓದುತ್ತಾರೆ ಅನ್ನುವುದರ ಮೇಲೆ ನಿಲ್ಲುತ್ತದೆ. ಒಂದು ಸ್ಪರ್ಧೆಯ ನಿಯಮ ಇನ್ನೊಂದಕ್ಕೆ ಆಗುವುದಿಲ್ಲ. ಮೊದಲು ನಿಯಮ ಓದಿ, ಆಮೇಲೆ ಫೋಟೋ ಆರಿಸಿ. ನಮ್ಮಲ್ಲಿ ಬಹಳ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ.

ಪಿಕ್ಸೆಲ್ ಗೌಡ:
ಕಡ್ಡಿ ವಿಷಯಕ್ಕೆ ಬರುತ್ತೇನೆ. ನೇಚರ್‌ನಲ್ಲಿ ಬೇಡ, ಒಪ್ಪಿದೆ. ಆದರೆ ಅದೇ ಮಿಂಚುಳ್ಳಿಯನ್ನು ಕಲರ್ ವಿಭಾಗಕ್ಕೆ ಕಳಿಸಿದರೆ ಕಡ್ಡಿ ತೆಗೆಯಬಹುದಲ್ವಾ? ಅಲ್ಲಿ ಎಡಿಟಿಂಗ್‌ಗೆ ಅವಕಾಶ ಇದೆ. ಈ ನಿಯಮ ಸ್ವಲ್ಪ ಅತಿಯಾಯಿತು ಅಂತ ನನಗೆ ಅನ್ನಿಸುತ್ತದೆ. ಒಂದು ಹೆಜ್ಜೆ ಪಕ್ಕಕ್ಕೆ ನಿಂತಿದ್ದರೆ ಆ ಕಡ್ಡಿ ಬರುತ್ತಲೇ ಇರಲಿಲ್ಲ. ಹಕ್ಕಿಯೂ ನಿಜ, ಮೀನೂ ನಿಜ. ಯಾರಿಗೆ ಮೋಸ ಆಯಿತು?

ಬಯಲುಸೀಮೆ ಬಸು:
ಗೌಡ್ರೇ, ನಾನು ಪತ್ರಿಕೆಗೆ ಫೋಟೋ ತೆಗೆಯುವವನು. ನಮ್ಮ ಕಡೆ ಇದೇ ವಾದ ಬಹಳ ಹಿಂದೆಯೇ ನಡೆದಿದೆ. 2010ರ ವರ್ಲ್ಡ್ ಪ್ರೆಸ್ ಫೋಟೋ ಎಂಬ ಪತ್ರಿಕಾ ಚಿತ್ರಗಳ ಸ್ಪರ್ಧೆಯಲ್ಲಿ ಸ್ಟೆಪಾನ್ ರುಡಿಕ್ ಎಂಬ ಉಕ್ರೇನಿನ ಛಾಯಾಗ್ರಾಹಕರಿಗೆ ಬಹುಮಾನ ಬಂದಿತ್ತು. ಕೀವ್‌ನ ಬೀದಿ ಕಾಳಗದ ಸರಣಿ. ಅದರಲ್ಲಿ ಕೈಗೆ ಪಟ್ಟಿ ಸುತ್ತುತ್ತಿರುವ ಒಂದು ಚಿತ್ರ. ಅವರು ಅದನ್ನು ಬಹಳ ಕ್ರಾಪ್ ಮಾಡಿದ್ದರು, ಕಪ್ಪು ಬಿಳುಪು ಮಾಡಿದ್ದರು, ಅಂಚು ಕಪ್ಪಾಗಿಸಿದ್ದರು. ಅದಕ್ಕೆಲ್ಲ ಯಾರೂ ತಕರಾರು ಮಾಡಲಿಲ್ಲ. ಆದರೆ ಬೆರಳುಗಳ ಹಿಂದೆ ಇಣುಕುತ್ತಿದ್ದ ಇನ್ನೊಬ್ಬನ ಪಾದದ ತುದಿಯನ್ನು ಅಳಿಸಿದ್ದರು. ಮೂಲ ಫೈಲ್ ತರಿಸಿ ನೋಡಿದಾಗ ಗೊತ್ತಾಯಿತು. ಬಹುಮಾನ ಹೋಯಿತು. ಆ ಪಾದ ಇದ್ದರೂ ಇಲ್ಲದಿದ್ದರೂ ಕಥೆ ಬದಲಾಗುತ್ತಿರಲಿಲ್ಲ ನೋಡ್ರಿ. ಆದರೂ ಗೆರೆ ಅಲ್ಲೇ ಎಳೆದರು. ಯಾಕೆಂದರೆ ಸಣ್ಣದು, ದೊಡ್ಡದು ಅಂತ ಅಳೆಯಲು ಹೊರಟರೆ ಒಬ್ಬೊಬ್ಬರು ಒಂದೊಂದು ಅಳತೆ ಹಿಡಿಯುತ್ತಾರೆ. 2015ರಲ್ಲಿ ಅಲ್ಲೇ ಕೊನೆಯ ಸುತ್ತಿಗಿಂತ ಹಿಂದಿನ ಸುತ್ತಿಗೆ ಬಂದ ಚಿತ್ರಗಳಲ್ಲಿ ಶೇ. 20ರಷ್ಟನ್ನು ಇಂಥದ್ದೇ ಕಾರಣಕ್ಕೆ ಹೊರಗಿಟ್ಟರು.

ಒಂದು ಹೆಜ್ಜೆ ಪಕ್ಕಕ್ಕೆ ನಿಲ್ಲುವುದೇ ಫೋಟೋಗ್ರಫಿ. ಆ ಕೆಲಸವನ್ನು ಮನೆಗೆ ಬಂದಮೇಲೆ ಮಾಡಬಾರದು.

ಪಿಕ್ಸೆಲ್ ಗೌಡ:
ಪಾದದ ವಿಷಯ ಗೊತ್ತಿರಲಿಲ್ಲ ಬಸಣ್ಣ. ಪತ್ರಿಕೆ ಚಿತ್ರಕ್ಕೂ ನೇಚರ್‌ಗೂ ಒಪ್ಪುತ್ತೇನೆ. ಕಲರ್ ವಿಭಾಗಕ್ಕೆ ನನ್ನ ವಾದ ಹಾಗೇ ಇದೆ. ಒಂದೇ ಎಚ್ಚರ. ಕಡ್ಡಿ ತೆಗೆಯಲು ಜನರೇಟಿವ್ ಫಿಲ್ ಎಂಬ ಎಐ ಸಾಧನ ಬಳಸಬೇಡಿ. ಅದು ಹೊಸ ಪಿಕ್ಸೆಲ್ ಹುಟ್ಟಿಸುತ್ತದೆ. ಈಗ ಅನೇಕ ಸ್ಪರ್ಧೆಗಳು ಎಐ ಹುಟ್ಟಿಸಿದ ಯಾವ ಭಾಗವನ್ನೂ ಒಪ್ಪುವುದಿಲ್ಲ, ಗೆದ್ದವರಿಂದ ಕ್ಯಾಮೆರಾದ ಮೂಲ ಫೈಲ್ ಆದ ರಾ ಫೈಲ್ ಕೇಳುತ್ತವೆ. 2023ರಲ್ಲಿ ಬೋರಿಸ್ ಎಲ್ಡಾಗ್ಸೆನ್ ಎಐ ಚಿತ್ರ ಕಳಿಸಿ ಸೋನಿ ವರ್ಲ್ಡ್ ಫೋಟೋಗ್ರಫಿ ಅವಾರ್ಡ್ಸ್‌ನಲ್ಲಿ ಗೆದ್ದರು, ಆಮೇಲೆ ತಾವೇ ಬಹುಮಾನ ಬೇಡ ಅಂದರು. ಮುಂದಿನ ವರ್ಷ ಮೈಲ್ಸ್ ಆಸ್ಟ್ರೇ ಅದರ ಉಲ್ಟಾ ಮಾಡಿದರು. ಹೊಟ್ಟೆ ಕೆರೆದುಕೊಳ್ಳುತ್ತ ತಲೆಯೇ ಕಾಣದಂತೆ ನಿಂತ ನಿಜವಾದ ರಾಜಹಂಸದ ಫೋಟೋವನ್ನು ಇನ್ನೊಂದು ಸ್ಪರ್ಧೆಯ ಎಐ ವಿಭಾಗಕ್ಕೆ ಕಳಿಸಿ ಬಹುಮಾನ ಪಡೆದರು. ವಿಷಯ ಹೇಳಿದ ಮೇಲೆ ಅನರ್ಹರಾದರು. ಇದಾದ ಮೇಲೆ ಎಲ್ಲರೂ ಜಾಸ್ತಿ ಎಚ್ಚರವಾಗಿದ್ದಾರೆ.

ಕಳಿಸುವ ಫೈಲ್ ಬಗ್ಗೆ ಒಂದೆರಡು ಮಾತು. ಹೆಚ್ಚಿನ ಸಲೋನ್‌ಗಳು ಅಗಲ 1920, ಎತ್ತರ 1080 ಪಿಕ್ಸೆಲ್ ಮೀರಬಾರದು ಅನ್ನುತ್ತವೆ. ಹೀಗಾಗಿ ಅಗಲಕ್ಕಿಂತ ಎತ್ತರ ಹೆಚ್ಚಿರುವ ಫ್ರೇಮು ಪರದೆ ಮೇಲೆ ಚಿಕ್ಕದಾಗುತ್ತದೆ. ನಿಮ್ಮ ಹಾವು ಅಂಥ ಎತ್ತರದ ಫ್ರೇಮಿನಲ್ಲಿದ್ದರೆ ಅದರ ಕಣ್ಣು 1080 ಎತ್ತರದಲ್ಲೂ ಕಾಣುತ್ತದಾ ನೋಡಿ. ಚಿಕ್ಕದು ಮಾಡಿದ ಮೇಲೆ ಶಾರ್ಪನ್ ಮಾಡಿ, ಮೊದಲಲ್ಲ. ಫೈಲನ್ನು ಎಸ್‌ಆರ್‌ಜಿಬಿ ಎಂಬ ಬಣ್ಣದ ಪ್ರೊಫೈಲ್‌ನಲ್ಲೇ ಉಳಿಸಿ, ಅಡೋಬಿ ಆರ್‌ಜಿಬಿಯಲ್ಲಿ ಕಳಿಸಿದರೆ ಬೇರೆ ಪರದೆಯಲ್ಲಿ ಬಣ್ಣ ಸತ್ತಂತೆ ಕಾಣಬಹುದು. ಲ್ಯಾಪ್‌ಟಾಪ್ ಬೆಳಕನ್ನು ಪೂರ್ತಿ ಏರಿಸಿ ಎಡಿಟ್ ಮಾಡಬೇಡಿ. ನಿಮಗೆ ಸರಿ ಕಂಡದ್ದು ತೀರ್ಪುಗಾರರ ಪರದೆಯಲ್ಲಿ ಕತ್ತಲಾಗಿರುತ್ತದೆ. ಚಿತ್ರದ ಮೇಲೆ ಹೆಸರು, ವಾಟರ್‌ಮಾರ್ಕ್ ಏನೂ ಬೇಡ.

ಕಡಲಕಣ್ಣು:
ಗೌಡ್ರ ಮಾತಿಗೆ ಸೇರಿಸುತ್ತೇನೆ: ಒಂದೇ ಚಿತ್ರವನ್ನು ಎರಡು ವಿಭಾಗಕ್ಕೆ ಹಾಕಬೇಡಿ. ಕಲರ್‌ಗೆ ಒಂದು, ಅದನ್ನೇ ಕಪ್ಪು ಬಿಳುಪು ಮಾಡಿ ಮಾನೋಕ್ರೋಮ್‌ಗೆ ಒಂದು ಅಂತ ಬಹಳ ಜನ ಹಾಕುತ್ತಾರೆ. ನಡೆಯುವುದಿಲ್ಲ. ಮಾನೋಕ್ರೋಮ್‌ನಲ್ಲಿ ಒಂದು ಕಡೆ ಮಾತ್ರ ಬಣ್ಣ ಉಳಿಸಿದರೂ ಅದು ಕಲರ್ ಆಗಿಬಿಡುತ್ತದೆ.

ಸವಿತಾ_ಮೈಸೂರು:
ಬೆಳ್ಳಕ್ಕಿ ಗೂಡಿನ ಬಗ್ಗೆ ಯಾರೂ ಮಾತಾಡಲಿಲ್ಲ. ನನಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಅದು. ನಮ್ಮ ದೇಶದ ಹಲವು ಸ್ಪರ್ಧೆಗಳು ಈಗ ಗೂಡಿನ ಫೋಟೋ ತೆಗೆದುಕೊಳ್ಳುವುದಿಲ್ಲ. ಕಾರಣ ಗೊತ್ತಿರುವುದೇ. ಚೆನ್ನಾಗಿ ಕಾಣಲಿ ಅಂತ ಗೂಡಿನ ಮುಂದಿನ ಕೊಂಬೆ ಕಡಿಯುತ್ತಾರೆ. ಮರೆ ಹೋದರೆ ಮರಿಗಳಿಗೆ ಬಿಸಿಲು ಬಡಿಯುತ್ತದೆ, ಕಾಗೆಗೆ, ಹದ್ದಿಗೆ ಗೂಡು ಕಾಣುತ್ತದೆ. ತಾಯಿ ಹಕ್ಕಿ ಹೆದರಿ ಗೂಡು ಬಿಟ್ಟುಹೋಗುವುದೂ ಉಂಟು. ಒಂದು ಸರ್ಟಿಫಿಕೇಟಿಗೆ ಇಷ್ಟು ಬೆಲೆ ಕೊಡಬಾರದು. ಈ ಚಿತ್ರವನ್ನು ಬಿಡಿ.

ತುಂಗಾತೀರ:
ಸವಿತಕ್ಕ, ಮಂಡಗದ್ದೆಯಲ್ಲಿ ಹಾಗೆ ಮಾಡಲು ಆಗುವುದೇ ಇಲ್ಲ. ಹಕ್ಕಿಗಳು ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಕೂರುತ್ತವೆ. ನಾವು ಈ ದಡದಲ್ಲಿ, ರಸ್ತೆ ಪಕ್ಕದಲ್ಲೇ ನಿಲ್ಲುತ್ತೇವೆ. ಮಳೆಗಾಲದಲ್ಲಿ ನಡುವೆ ಹೊಳೆ ತುಂಬಿ ಹರಿಯುತ್ತಿರುತ್ತದೆ. ಬಸ್ಸು, ಲಾರಿ ಓಡಾಡಿದರೂ ಅವು ತಲೆ ಎತ್ತುವುದಿಲ್ಲ.

ಸವಿತಾ_ಮೈಸೂರು:
ನಿಮ್ಮ ಮೇಲೆ ಅನುಮಾನ ಇಲ್ಲಮ್ಮ. ರಂಗನತಿಟ್ಟಿನಲ್ಲೂ ದೋಣಿಯಿಂದ ಕಾಣುವ ಗೂಡುಗಳಿವೆ, ಅವುಗಳ ಫೋಟೋ ನನ್ನ ಹತ್ತಿರವೂ ಇವೆ. ಆದರೆ ಚಿತ್ರದಲ್ಲಿ ನಡುವಿನ ಹೊಳೆ ಕಾಣುವುದಿಲ್ಲವಲ್ಲ. ದೊಡ್ಡ ಲೆನ್ಸ್ ಎಲ್ಲವನ್ನೂ ಹತ್ತಿರ ಎಳೆದುಬಿಡುತ್ತದೆ. ನಿಮ್ಮ ಚಿತ್ರಕ್ಕೆ ಮೆಡಲ್ ಬಂದರೆ, ಅದನ್ನು ನೋಡಿದ ಇನ್ನೊಬ್ಬ ತನ್ನ ಊರಿನ ಒಂಟಿ ಗೂಡಿನ ಹತ್ತಿರ ಹೋಗಿ ನಿಲ್ಲುತ್ತಾನೆ. ಅದಕ್ಕೇ ಬೇಡ ಅನ್ನುತ್ತಿದ್ದೇನೆ.

ಹಳೇ ರೋಲು:
ಇಲ್ಲಿ ನಾನು ಸವಿತಾ ಅವರ ಪಕ್ಷ. ಹಿಂದೆ ಗೂಡಿನ ಮುಂದೆ ಮರೆ ಕಟ್ಟಿ ಕೂತು ಫೋಟೋ ತೆಗೆಯುವುದೇ ದೊಡ್ಡ ವಿದ್ಯೆ ಆಗಿತ್ತು. ಹಕ್ಕಿ ತಿರುಗಿ ಅದೇ ಜಾಗಕ್ಕೆ ಬರುತ್ತದೆ ಅಂತ ಖಾತ್ರಿ ಇದ್ದದ್ದು ಗೂಡಿನಲ್ಲಿ ಮಾತ್ರ. ಆಗಿನ ಫಿಲ್ಮು, ಆಗಿನ ಲೆನ್ಸು ಹಾಗಿದ್ದವು. ಈಗ ಆ ಕಾರಣ ಇಲ್ಲ.

ಆ ಕಾಲದ ಇನ್ನೊಂದು ವಿಷಯ ಮಾತ್ರ ಈಗಲೂ ಬೇಕು ಅನ್ನಿಸುತ್ತದೆ. ವನ್ಯಜೀವಿ ಛಾಯಾಗ್ರಾಹಕರಾದ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರ ತಲೆಮಾರಿನವರು ಸಲೋನ್‌ಗೆ ಪ್ರಿಂಟ್ ಮಾಡಿ ಅಂಚೆಯಲ್ಲಿ ಕಳಿಸುತ್ತಿದ್ದರು. ಪೇಪರಿಗೆ ದುಡ್ಡು, ಅಂಚೆಗೆ ದುಡ್ಡು. ಡಾರ್ಕ್‌ರೂಮಿನಲ್ಲಿ ಒಂದೇ ನೆಗೆಟಿವ್ ಜೊತೆ ಗಂಟೆಗಟ್ಟಲೆ ಕೂತಾಗ ಚಿತ್ರದ ಕೊರತೆ ತಾನಾಗಿಯೇ ಕಾಣುತ್ತಿತ್ತು. ಈಗ ಅಪ್‌ಲೋಡ್ ಸುಲಭ, ಹಾಗಾಗಿ ಯಾರೂ ಅಷ್ಟು ಹೊತ್ತು ನೋಡುವುದಿಲ್ಲ. ತುಂಗಾತೀರ, ನಿಮ್ಮ ಚಿತ್ರಗಳನ್ನು ಸ್ಟುಡಿಯೋದಲ್ಲಿ ಪೋಸ್ಟ್‌ಕಾರ್ಡ್ ಅಳತೆಗೆ ಪ್ರಿಂಟ್ ಹಾಕಿಸಿ. ಅಡುಗೆಮನೆ ಗೋಡೆಗೆ ಅಂಟಿಸಿ. ಒಂದು ವಾರ ಕೆಲಸ ಮಾಡುತ್ತ ನೋಡುತ್ತಿರಿ. ಒಂದೆರಡು ಬೇಸರ ಬರುತ್ತವೆ, ಒಂದೆರಡು ಬೆಳೆಯುತ್ತವೆ. ನಿಮ್ಮ ಜೊತೆ ಅಲ್ಲಿಗೆ ಬರದವರಿಗೆ ತೋರಿಸಿ, ಏನೂ ಹೇಳಬೇಡಿ. ಹಾವು ಸಿಗಲು ನೀವು ಎಷ್ಟು ಜಿಗಣೆ ಕಚ್ಚಿಸಿಕೊಂಡಿರಿ ಅನ್ನುವುದು ತೀರ್ಪುಗಾರರಿಗೆ ಗೊತ್ತಿರುವುದಿಲ್ಲ. ಆ ಕಷ್ಟಕ್ಕೆ ನೀವೇ ಅಂಕ ಕೊಟ್ಟುಕೊಂಡಿರುತ್ತೀರಿ.

ಕಡಲಕಣ್ಣು:
ಇದು ಸರಿ ಸರ್. ಗೋಡೆಗೆ ಅಂಟಿಸುವುದು ನಾನೂ ಮಾಡಬೇಕು. ಆದರೂ ಹೇಳುತ್ತೇನೆ, ಸ್ಪರ್ಧೆ ಅಂದಮೇಲೆ ನೋಡುವವರು ಯಾರು ಅಂತ ಯೋಚಿಸುವುದರಲ್ಲಿ ತಪ್ಪಿಲ್ಲ. ಮನೆ ಗೋಡೆಗೆ ಒಪ್ಪುವ ಫೋಟೋ ಬೇರೆ, ಪರದೆಯ ಮೇಲೆ ಬಂದುಹೋಗುವ ಫೋಟೋ ಬೇರೆ. ಕೊಡಚಾದ್ರಿ ಕಳಿಸುವುದಾದರೆ ಅದರ ಹಿಂದುಮುಂದಿನ ಫೋಟೋ ಏನಿರಬಹುದು ಅಂತ ಯೋಚಿಸಿ. ಹುಲಿ ಬಂದುಹೋದ ಮೇಲೆ ಮಂಜು ಬಂದರೆ ನಿಲ್ಲುತ್ತದಾ?

ಸವಿತಾ_ಮೈಸೂರು:
ಹತ್ತು ಹುಲಿ ಆದಮೇಲೆ ಮಂಜು ಬಂದರೇ ನಿಲ್ಲುವುದು.

ಬಯಲುಸೀಮೆ ಬಸು:
ಟ್ರಾವೆಲ್ ವಿಭಾಗದ ಬಗ್ಗೆ ನನಗೆ ಸಿಟ್ಟಿದೆ, ಹೇಳಿಬಿಡುತ್ತೇನೆ. ಗುಡಿಸಲಲ್ಲಿ ಹೊಗೆ ಹಾಕಿ, ಕಿಟಕಿಯಿಂದ ಬೆಳಕಿನ ಕೋಲು ಬರಿಸಿ, ಒಬ್ಬ ಅಜ್ಜನಿಗೆ ದುಡ್ಡು ಕೊಟ್ಟು ಕೂರಿಸಿ, ಸುತ್ತ ಕ್ಯಾಮೆರಾ ಹಿಡಿದವರು ನಿಂತು ತೆಗೆಯುತ್ತಾರೆ. ಅದೇ ಅಜ್ಜ ಬೇರೆ ಬೇರೆ ಹೆಸರಿನಲ್ಲಿ ಸಲೋನ್‌ನಿಂದ ಸಲೋನ್‌ಗೆ ಓಡಾಡುತ್ತಾನೆ. ಪಿಎಸ್‌ಎ ನಿಯಮದಲ್ಲಿ ಸ್ಪಷ್ಟವಾಗಿದೆ: ಫೋಟೋಗಾಗಿಯೇ ಏರ್ಪಡಿಸಿದ ದೃಶ್ಯ, ಬಾಡಿಗೆಗೆ ಕರೆಸಿದ ಜನ ಟ್ರಾವೆಲ್‌ನಲ್ಲಿ ಸಲ್ಲುವುದಿಲ್ಲ. ಆದರೂ ಬರುತ್ತಿವೆ. ಆ ಅಜ್ಜನ ಊರು, ಕಸುಬು, ಬದುಕು ಯಾವುದೂ ಆ ಚಿತ್ರದಲ್ಲಿ ಇಲ್ಲ. ನಿಮ್ಮ ಸಕ್ರೆಬೈಲು ಚಿತ್ರದಲ್ಲಿ ಮಾವುತ ಆನೆಯ ಕಿವಿ ಹಿಂದೆ ಉಜ್ಜುತ್ತಿದ್ದರೆ, ಆ ಒಂದು ಕೈಯಲ್ಲಿ ಅವನ ಇಡೀ ಕೆಲಸ ಇದೆ. ಅದನ್ನೇ ಕಳಿಸಿ.

ತುಂಗಾತೀರ:
ಬೆಳ್ಳಕ್ಕಿ ತೆಗೆದೆ. ಸವಿತಕ್ಕ ಹೇಳಿದ ಕಾರಣಕ್ಕೇ. ಹಾವಕ್ಕಿ, ಹಾವು, ಕಡ್ಡಿ ಸಮೇತ ಮಿಂಚುಳ್ಳಿ, ಕೊಡಚಾದ್ರಿ. ಇಷ್ಟು ನೇಚರ್‌ಗೆ. ಶೀರ್ಷಿಕೆ ಏನು ಕೊಡಲಿ? ಮಿಂಚುಳ್ಳಿಗೆ "ಬೇಟೆಯ ಸಂಭ್ರಮ" ಅಂತ ಯೋಚಿಸಿದ್ದೆ. ಇನ್ನೊಂದು, ಪ್ರವಾಸದ ಮೇಲೆ ನಡೆಯುವ ಬೇರೊಂದು ಉಚಿತ ಸ್ಪರ್ಧೆ ಇದೆ, ಅದಕ್ಕೂ ಆನೆ ಚಿತ್ರ ಕಳಿಸಬಹುದಾ?

ಹಳೇ ರೋಲು:
ನೇಚರ್‌ನಲ್ಲಿ ಕಾವ್ಯ ಬೇಡ. ಯಾವ ಹಕ್ಕಿ, ಏನು ಮಾಡುತ್ತಿದೆ ಅಂತ ನೇರವಾಗಿ ಬರೆಯಿರಿ. "ಮೀನು ಹಿಡಿದ ಮಿಂಚುಳ್ಳಿ" ಸಾಕು. ಒಮ್ಮೆ ಕೊಟ್ಟ ಶೀರ್ಷಿಕೆಯನ್ನು ಮುಂದಿನ ಸಲೋನ್‌ನಲ್ಲಿ ಬದಲಿಸಬೇಡಿ. ಅದೇ ಚಿತ್ರ ಹೊಸ ಹೆಸರಲ್ಲಿ ಬಂದರೆ ತೊಂದರೆ ಆಗುತ್ತದೆ.

ಬಯಲುಸೀಮೆ ಬಸು:
ಉಚಿತ ಸ್ಪರ್ಧೆಗೆ ಕಳಿಸುವ ಮೊದಲು ನಿಯಮದ ಕೊನೆಯ ಪ್ಯಾರಾ ಓದಿ. ಗೆದ್ದರೂ ಸೋತರೂ ಬಂದ ಎಲ್ಲ ಚಿತ್ರಗಳನ್ನು ಸಂಘಟಕರು ಎಲ್ಲಿ ಬೇಕಾದರೂ, ಎಷ್ಟು ವರ್ಷ ಬೇಕಾದರೂ ಬಳಸಬಹುದು ಅಂತ ಇದ್ದರೆ ಬಿಟ್ಟುಬಿಡಿ. ಅದು ನಿಮ್ಮ ಚಿತ್ರವನ್ನು ಪುಕ್ಕಟೆ ಕೊಟ್ಟಂತೆ. ಗೆದ್ದ ಚಿತ್ರವನ್ನು ಸ್ಪರ್ಧೆಯ ಪ್ರಚಾರಕ್ಕೆ, ಹೆಸರು ಹಾಕಿ ಬಳಸುತ್ತೇವೆ ಅಂದರೆ ಸರಿ. ಮಾವುತನ ಮುಖ ಕಾಣುತ್ತಿದ್ದರೆ ಅವನನ್ನೂ ಒಂದು ಮಾತು ಕೇಳಿ.

ಪಿಕ್ಸೆಲ್ ಗೌಡ:
ರಾ ಫೈಲ್‌ಗಳನ್ನು ಫಲಿತಾಂಶ ಬರುವ ತನಕ ಎರಡು ಕಡೆ ಇಟ್ಟುಕೊಳ್ಳಿ. ಕೊನೆಯ ದಿನದ ರಾತ್ರಿ ವೆಬ್‌ಸೈಟು ನಿಧಾನ ಆಗಬಹುದು, ಎರಡು ದಿನ ಮೊದಲೇ ಹಾಕಿಬಿಡಿ.