ಭೂತದ ಹಡಗಿಗೆ ಎಷ್ಟು ಮಸಿ ಬೇಕು?

ಬೈತಖೋಲದ ನಿಬ್ಬು:
ಇಂಗ್ಲಿಷ್ ಕವಿ ಕೋಲ್‌ರಿಜ್‌ನ 'ಏನ್ಶಿಯಂಟ್ ಮರಿನರ್' (1798) ಪದ್ಯಕ್ಕೆ ಪೆನ್ನು-ಮಸಿಯಲ್ಲಿ ಒಂದು ಚಿತ್ರ ಬಿಡಿಸುತ್ತಿದ್ದೇನೆ. ಅದರಲ್ಲಿ ಮುದಿ ನಾವಿಕ ಆಲ್ಬಟ್ರಾಸ್ ಎಂಬ ಕಡಲಹಕ್ಕಿಯನ್ನು ಕೊಂದದ್ದನ್ನು ಎಲ್ಲರೂ ಬಿಡಿಸುತ್ತಾರೆ, ಅದು ಬೇಡ. ನನಗೆ ಬೇಕಾದ್ದು ಮೂರನೇ ಭಾಗ. ಗಾಳಿ ಬಿದ್ದು ಹಡಗು ನಿಂತಿದೆ. ಪಡುವಣದಲ್ಲಿ ಸೂರ್ಯ ಇಳಿಯುತ್ತಿದ್ದಾನೆ (ಮಳೆ ಬಿಟ್ಟ ಸಂಜೆ ಕಾರವಾರದ ಟಾಗೋರ್ ಕಡಲತೀರದಲ್ಲಿ ಕೂತರೆ ಆ ಬೆಳಕು ಪುಕ್ಕಟೆ). ಆಗ ಇನ್ನೊಂದು ಹಡಗು ಸೂರ್ಯನಿಗೆ ಅಡ್ಡ ಬರುತ್ತದೆ. ಅದರ ಪಕ್ಕೆಗಳ ಸಂದಿಯಲ್ಲಿ ಅವನು ಜೈಲಿನ ಸರಳಿನ ಹಿಂದೆ ಇದ್ದಂತೆ ಕಾಣುತ್ತಾನೆ. ಒಳಗೆ ಸಾವು ಮತ್ತು ಒಬ್ಬ ಬಿಳಿಚಿದ ಹೆಂಗಸು ದಾಳ ಆಡುತ್ತಿರುತ್ತಾರೆ.

ಪಕ್ಕೆಗೆ ಮಾದರಿ ಸುಲಭವಾಗಿ ಸಿಕ್ಕಿತು. ಬಂದರಿನ ಹತ್ತಿರ ಹಲಗೆ ಕಿತ್ತ ಹಳೇ ಮರದ ಬೋಟ್ ಇದೆ. ಮೊಳೆಯಿಂದ ತುಕ್ಕು ಇಳಿದ ಗೆರೆಯನ್ನೂ ಬಿಡದೆ ಬಿಡಿಸಿದೆ. ಈಗ ನೋಡಿದವರೆಲ್ಲ "ರಿಪೇರಿ ಯಾವಾಗ ಮುಗಿಯುತ್ತೆ?" ಅಂತಾರೆ! ಇನ್ನೂ ಕಪ್ಪು ಮಾಡಲಾ? ಇದೇ ಪದ್ಯಕ್ಕೆ ಫ್ರೆಂಚ್ ಕಲಾವಿದ ಗುಸ್ತಾವ್ ದೊರೆ ಮಾಡಿದ ಚಿತ್ರಗಳಲ್ಲಿ ಕಪ್ಪು ಎಷ್ಟು ಗಾಢ ಅಲ್ವಾ. ಜೊತೆಗೆ ಈ ಮಳೆಗೆ ಹಾಳೆಯ ಮೇಲೆ ಮಸಿ ಹರಡುತ್ತಿದೆ.

ಶಿರಸಿ ಪೇಟೆಯವ:
ದೊರೆಯನ್ನು ಪೆನ್ನಲ್ಲಿ ಹಿಂಬಾಲಿಸಬೇಡಿ ಮಾರಾಯ್ರೆ. ಅವು ಮರದ ಅಚ್ಚಿನ ಚಿತ್ರಗಳು. ಮರದಲ್ಲಿ ಕೆತ್ತಿದ ಜಾಗ ಬಿಳಿಯಾಗಿ ಉಳಿಯುತ್ತದೆ, ಅಂದರೆ ಕಪ್ಪಿನಿಂದ ಬೆಳಕು ತೆಗೆಯುವ ಕೆಲಸ. ಪೆನ್ನಿನದು ಉಲ್ಟಾ. ಕಪ್ಪು ತುಂಬಿದಷ್ಟೂ ನಿಮ್ಮ ಬೋಟ್ ಗಟ್ಟಿಯಾಗುತ್ತದೆ, ಅಷ್ಟೇ. ಹಾಳೆಗೆ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಕದ) ಹಾಟ್ ಪ್ರೆಸ್, ಅಂದರೆ ನುಣುಪು ಮೈಯ ದಪ್ಪ ಹಾಳೆ ತಗೊಳ್ಳಿ. ಪ್ಲಾಸ್ಟಿಕ್ ಕವರಿನಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಬೆವರು ತಾಗದಂತೆ ಅಂಗೈ ಕೆಳಗೆ ಒಂದು ಚೂರು ಕಾಗದ ಇರಲಿ.

ಅಂಕೋಲೆ ಅಕ್ಕ:
ತಮ್ಮಾ, ಆ ಹಡಗು ಗಾಳಿಯೂ ಇಲ್ಲದೆ, ನೀರಿನ ಸೆಳೆತವೂ ಇಲ್ಲದೆ ನೆಟ್ಟಗೆ ಬರುತ್ತದೆ ಅಂತ ಪದ್ಯದಲ್ಲೇ ಇದೆ. ನೀನು ಹಾಕಿದ ಚಿತ್ರದ ಫೋಟೋದಲ್ಲಿ ಅದರ ಮುಂದೆ ನೊರೆ ಎದ್ದಿದೆಯಲ್ಲೋ! ಬ್ಲೇಡಿನಿಂದ ಹಗುರಾಗಿ ಕೆರೆದುಬಿಡು. ನೀರಿನ ಅಡ್ಡಗೆರೆಗಳು ಹಡಗಿನ ಬುಡದಲ್ಲೂ ತುಂಡಾಗದೆ ಹೋಗಲಿ. ಹಡಗು ಬಂದದ್ದು ನೀರಿಗೆ ಗೊತ್ತೇ ಆಗಬಾರದು. ಪಕ್ಕೆಗಳು ಸೂರ್ಯನ ಮೇಲೆ ಮಾತ್ರ ಕಪ್ಪಾಗಿರಲಿ, ಆಚೀಚೆ ಚುಕ್ಕಿ ಚುಕ್ಕಿಯಾಗಿ ಕರಗಲಿ. ಹಾಯಿ ಜೇಡರ ನೂಲಿನ ಹಾಗೆ ಅಂತ ಕವಿಯೇ ಹೇಳಿದ್ದಾನೆ. ಅದಕ್ಕೆ ಎಲ್ಲಕ್ಕಿಂತ ತೆಳು ನಿಬ್ ಹಿಡಿ.

ಬೈತಖೋಲದ ನಿಬ್ಬು:
ನೊರೆ ಕೆರೆದೆ ಅಕ್ಕಾ, ಹಡಗು ತಕ್ಷಣ ಹಗುರಾಯಿತು. ತುಕ್ಕಿನ ಗೆರೆ ಮಾತ್ರ ಬಿಡಲ್ಲ. ದಾಳ ಏನು ಮಾಡಲಿ? ಈ ಅಳತೆಗೆ ಅದು ಸುಮ್ನೆ ಮಸಿ ಚೆಲ್ಲಿದ ಹಾಗಿದೆ.

ಅಂಕೋಲೆ ಅಕ್ಕ:
ದಾಳ ಬಿಡು. ಆ ಬಿಳಿಚಿದ ಹೆಂಗಸು ಗೆದ್ದ ಮೇಲೆ ಮೂರು ಸಲ ಶಿಳ್ಳೆ ಹೊಡೆಯುತ್ತಾಳಲ್ಲ, ಅದನ್ನು ಬಿಡಿಸು. ಬಾಯಿಗೆ ಎರಡು ಬೆರಳು ಇಟ್ಟರೆ ಸಾಕು.