ಹಸಿರಾಗೇ ಕಾಣೋ, ಹುಳ ಹೊಕ್ಕ ಮರಕ್ಕೆ ಏನನ್ನೋದು?

ಎಲ್ಲರಿಗೂ ನಮಸ್ಕಾರ, ಒಂದು ಪದ ಬೇಕಿತ್ತು. ಕೆನಡಾದ ಕಾಡುಗಳಲ್ಲಿ ಕೀಟ, ರೋಗದ ಮೇಲೆ ಹೇಗೆ ನಿಗಾ ಇಡ್ತಾರೆ ಅಂತ ನಮ್ಮ ಸೋಮವಾರಪೇಟೆ ಕಡೆ ಕಾಫಿ ಬೆಳೆಗಾರರಿಗೋಸ್ಕರ ಒಂದು ಲೇಖನ ಬರೀತಿದ್ದೀನಿ. ಮಾನಿಟರಿಂಗ್‌ಗೆ ಕೆಲವರು ಮೇಲ್ವಿಚಾರಣೆ ಅಂತ ಬರೀತಾರೆ, ನನಗದು ಒಪ್ಪೋದೇ ಇಲ್ಲ, ಮೇಲ್ವಿಚಾರಣೆ ಅಂದ್ರೆ ತೋಟದಲ್ಲಿ ಮೇಸ್ತ್ರಿ ಮಾಡೋ ಕೆಲಸ, ಹಾಗಾಗಿ ನಿಗಾ ಅಂತಲೇ ಇಟ್ಟಿದ್ದೀನಿ.

ಸಿಕ್ಕಿಹಾಕ್ಕೊಂಡಿರೋದು ಬೇರೆ ಕಡೆ. ಬ್ರಿಟಿಷ್ ಕೊಲಂಬಿಯಾದಲ್ಲಿ 1990ರ ದಶಕದಿಂದ ಶುರುವಾಗಿ ಸುಮಾರು 1.8 ಕೋಟಿ ಹೆಕ್ಟೇರ್ ಕಾಡಿಗೆ ಹಬ್ಬಿದ ಮೌಂಟನ್ ಪೈನ್ ಬೀಟಲ್ ಅನ್ನೋ ದುಂಬಿ ಇದೆಯಲ್ಲ, ಅದು ಬೇಸಿಗೆ ಕೊನೇಲಿ ಪೈನ್ ಮರದ ತೊಗಟೆ ಕೊರೆದು ಒಳಗೆ ಮೊಟ್ಟೆ ಇಡುತ್ತೆ, ಜೊತೇಲೇ ಒಂದು ಶಿಲೀಂಧ್ರಾನೂ ತರುತ್ತೆ, ಅದು ಹರಡಿ ಮರಕ್ಕೆ ನೀರು ಮೇಲೇರೋದೇ ನಿಂತುಹೋಗುತ್ತೆ. ಮರದ ಕತೆ ಅಲ್ಲಿಗೆ ಮುಗೀತು, ಆದ್ರೆ ಎಲೆ ಮಾತ್ರ ಮುಂದಿನ ವರ್ಷದವರೆಗೂ ಹಸಿರಾಗೇ ಇರುತ್ತೆ. ಈ ಹಂತಕ್ಕೆ ಅಲ್ಲಿ ಗ್ರೀನ್ ಅಟ್ಯಾಕ್ ಅಂತಾರೆ, ಎಲೆ ಕೆಂಪಾದ ಮೇಲೆ ರೆಡ್ ಅಟ್ಯಾಕ್. ವಿಮಾನದಿಂದ ಸರ್ವೆ ಮಾಡೋರಿಗೆ ಕಾಣೋದು ಕೆಂಪು ಮರ ಮಾತ್ರ, ಅಷ್ಟೊತ್ತಿಗೆ ದುಂಬಿಗಳು ಪಕ್ಕದ ಮರಕ್ಕೆ ಹೋಗಿರ್ತವೆ, ಹಾಗಾಗಿ ಕೆಂಪು ಮರದ ಸುತ್ತಮುತ್ತ ಜನ ನಡ್ಕೊಂಡೇ ಹೋಗಿ ಕಾಂಡದ ಮೇಲೆ ಅಂಟಿನ ಉಂಡೆ ಇದೆಯಾ, ಬುಡದಲ್ಲಿ ಮರದ ಪುಡಿ ಬಿದ್ದಿದೆಯಾ ಅಂತ ನೋಡಬೇಕು.

ಹಸಿರು ದಾಳಿ ಅಂತ ಬರೆದ್ರೆ ಹಸಿರೇ ದಾಳಿ ಮಾಡಿದ ಹಾಗಾಗುತ್ತೆ. ಗುಪ್ತ ಬಾಧೆ ಅಂದ್ರೆ ಪುಸ್ತಕದ ಮಾತು, ತೋಟದಲ್ಲಿ ಯಾರೂ ಆಡಲ್ಲ. ನಮ್ಮಲ್ಲಿ ಅರೇಬಿಕಾ ಕಾಫಿಗೆ ಬಿಳಿ ಕಾಂಡಕೊರಕ ಬೀಳುತ್ತಲ್ಲ, ದುಂಬಿ ಹೊರಗೆ ಹಾರೋ ಮೊದಲು ಮಾರ್ಚ್, ಸೆಪ್ಟೆಂಬರ್‌ನಲ್ಲಿ ಟ್ರೇಸಿಂಗ್, ಅಂದ್ರೆ ಹುಳ ಬಿದ್ದ ಗಿಡ ಹುಡುಕೋ ಕೆಲಸ, ಮಾಡಿಸ್ತೀವಿ, ಕಾಂಡದ ಮೇಲೆ ಉಬ್ಬಿದ ಗೆರೆ ಇದ್ರೆ ಅದು ಬೋರರ್ ಗಿಡ, ಕಿತ್ತು ಸುಡೋದೇ. ಅದಕ್ಕೇ ಆ ಕಾಲ್ನಡಿಗೆ ಹುಡುಕಾಟಕ್ಕೆ ಟ್ರೇಸಿಂಗ್ ಅಂತಲೇ ಬರೀಬೇಕು ಅಂತಿದ್ದೀನಿ, ನಮ್ಮೋರಿಗೆ ತಕ್ಷಣ ಅರ್ಥ ಆಗುತ್ತೆ. ಆದ್ರೆ ಬೋರರ್ ಗಿಡ ಅನ್ನೋ ಮಾತು ಎಲೆ ಹಳದಿಯಾಗಿ ಸೊರಗಿದ ಗಿಡಕ್ಕೂ ಸೈ, ಇನ್ನೂ ಹಸಿರಾಗಿರೋದಕ್ಕೂ ಸೈ. ನನಗೆ ಬೇಕಿರೋದು ಎರಡನೇದಕ್ಕೆ ಮಾತ್ರ ಹೇಳೋ ಮಾತು. ಸದ್ಯಕ್ಕೆ ಹುಳ ಹೊಕ್ಕ ಹಸಿರು ಮರ ಅಂತ ಇಟ್ಟಿದ್ದೀನಿ, ಪದೇ ಪದೇ ಬಳಸೋಕೆ ಉದ್ದ ಆಯ್ತು.

ತಿಪಟೂರು, ಅರಸೀಕೆರೆ ಕಡೆ ತೆಂಗು ಬೆಳೆಯೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ, ಕೆಂಪುಮೂತಿ ಹುಳ ಒಳಗೆ ಸೇರಿದ್ದೂ ಗರಿ ಇನ್ನೂ ಚೆನ್ನಾಗೇ ಇರೋ ಮರಕ್ಕೆ ನಿಮ್ಮ ಮನೇಲಿ ಹಿರಿಯರು ಏನಂತಾರೆ?